ಗುಂಡೇಟಿಗಿಂತ ಸೋಲೇ ಹೆಚ್ಚು ಕೆರಳಿಸುತ್ತದೆ: ಗೇಮು, ಟಿವಿ ಮತ್ತು ಮಕ್ಕಳ ಸಿಟ್ಟು

ರಾತ್ರಿ ಒಂಬತ್ತೂವರೆಗೆ, ಮಕ್ಕಳ ಫೋನಿಗೆ ಪೋಷಕರು ಮಿತಿ ಹಾಕುವ ಗೂಗಲ್ ಆ್ಯಪ್ ಫ್ಯಾಮಿಲಿ ಲಿಂಕ್, ಮೊಬೈಲನ್ನು ಲಾಕ್ ಮಾಡುತ್ತದೆ. ಹದಿನಾಲ್ಕರ ಹುಡುಗ ಬಾಗಿಲನ್ನು ಧಡಾರನೆ ಹಾಕುತ್ತಾನೆ, ಊಟ ಬೇಡ ಅನ್ನುತ್ತಾನೆ, ತಂಗಿಯ ಮೇಲೆ ರೇಗುತ್ತಾನೆ. ಅಷ್ಟರಲ್ಲಿ ಮನೆಯವರ ತೀರ್ಪು ಬಂದಾಗಿರುತ್ತದೆ: ಹೊತ್ತು ಹೊತ್ತಿಗೂ ಗುಂಡು ಹೊಡೆಯೋ ಗೇಮ್ ಆಡ್ತಾ ಕೂತರೆ ಇನ್ನೇನಾಗುತ್ತೆ!

ತೀರ್ಪು ಕೊಡುವ ಮುಂಚೆ, ಲಾಕ್ ಬಿದ್ದ ಆ ಕ್ಷಣದಲ್ಲಿ ಗೇಮಿನೊಳಗೆ ಏನು ನಡೆದಿತ್ತು ಎಂದು ನೋಡಬೇಕು. ಪಬ್‌ಜಿ ಗೇಮಿನ ಭಾರತದ ಆವೃತ್ತಿಯಾದ ಬಿಜಿಎಂಐಯನ್ನೇ ತೆಗೆದುಕೊಳ್ಳಿ. ಎರಾಂಗೆಲ್ ನಕ್ಷೆ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ನೂರು ಜನ ಇಳಿಯುತ್ತಾರೆ. ಕೊನೆಯವರೆಗೆ ಉಳಿದರೆ ಒಂದು ಮ್ಯಾಚಿಗೆ ಸುಮಾರು ಅರ್ಧ ಗಂಟೆ. ನಾಲ್ವರ ಸ್ಕ್ವಾಡ್ ಲೆಕ್ಕದಲ್ಲಿ 25 ತಂಡಗಳು, ಗೆಲ್ಲುವುದು ಒಂದೇ. ಅಂದರೆ ಸಾಧಾರಣ ಆಟಗಾರನಿಗೆ ಸೋಲೇ ದಿನನಿತ್ಯದ ಊಟ. ನಡುವೆ ನಿಲ್ಲಿಸಿ ಆಮೇಲೆ ಮುಂದುವರಿಸೋಣ ಅನ್ನಲು ಪಾಜ್ ಬಟನ್ ಇಲ್ಲ. ಫೋನ್ ಲಾಕ್ ಆದರೆ ಅವನ ಪಾತ್ರ ಬಯಲಲ್ಲಿ ಸುಮ್ಮನೆ ನಿಂತಿರುತ್ತದೆ, ಯಾರೋ ಬಂದು ಹೊಡೆದು ಹೋಗುತ್ತಾರೆ, ರ್ಯಾಂಕ್ ಅಂಕ ಕಳೆಯುತ್ತದೆ, ತಂಡದಲ್ಲಿ ಒಬ್ಬ ಕಡಿಮೆಯಾಗುತ್ತಾನೆ. ಮರುದಿನ ಶಾಲೆಯಲ್ಲಿ ಉಳಿದ ಮೂವರು ಅವನನ್ನು ಬಿಡುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಬಂದ ಸಿಟ್ಟನ್ನು ಪರದೆಯ ಮೇಲಿನ ರಕ್ತದ ಲೆಕ್ಕಕ್ಕೆ ಬರೆಯುವುದು ಸುಲಭ. ಸರಿಯೇ ಎಂಬುದು ಬೇರೆ ಮಾತು.

ಇದನ್ನು ಅಳೆದು ನೋಡಿದವರಿದ್ದಾರೆ. ಕೆನಡಾದ ಬ್ರಾಕ್ ವಿಶ್ವವಿದ್ಯಾಲಯದ ಪಾಲ್ ಅಡಾಚಿ ಮತ್ತು ಟೀನಾ ವಿಲ್ಲೋಬಿ 2011ರಲ್ಲಿ ಮಾಡಿದ ಪ್ರಯೋಗದ ಜಾಣತನ ಆಟಗಳ ಆಯ್ಕೆಯಲ್ಲಿದೆ. ಕತ್ತಿ ಬೀಸುವ ‘ಕೋನನ್’ ಮತ್ತು ಕಾರು ಓಡಿಸುವ ‘ಫ್ಯೂಯೆಲ್’ ಎರಡನ್ನೂ ಅವರು ಆರಿಸಿದ್ದು ವೇಗ, ಕಷ್ಟ, ಪೈಪೋಟಿ ಎಲ್ಲವೂ ಸರಿಸಮ ಇರುವಂತೆ ನೋಡಿಕೊಂಡು. ಒಂದರಲ್ಲಿ ಕೊಲೆಯಿದೆ, ಇನ್ನೊಂದರಲ್ಲಿಲ್ಲ, ಅಷ್ಟೇ ವ್ಯತ್ಯಾಸ. ಆಡಿದವರ ಆಕ್ರಮಣಶೀಲತೆಯಲ್ಲಿ ಫರಕು ಕಾಣಲಿಲ್ಲ. ಎರಡನೆಯ ಸುತ್ತಿನಲ್ಲಿ ಪೈಪೋಟಿಯನ್ನು ಹೆಚ್ಚುಕಡಿಮೆ ಮಾಡಿ ನೋಡಿದರು. ಪೈಪೋಟಿ ಹೆಚ್ಚಿದ್ದ ಆಟಗಳ ನಂತರ ಆಕ್ರಮಣಶೀಲತೆ ಏರಿತು, ಆ ಆಟದಲ್ಲಿ ಹೊಡೆದಾಟ ಇರಲಿ ಬಿಡಲಿ.

2014ರಲ್ಲಿ ಆಕ್ಸ್‌ಫರ್ಡ್‌ನ ಆಂಡ್ರ್ಯೂ ಶಿಬಿಲ್ಸ್ಕಿ ಮತ್ತು ಸಂಗಡಿಗರು ಟೆಟ್ರಿಸ್ ಹಿಡಿದುಕೊಂಡರು. ಇಟ್ಟಿಗೆ ಜೋಡಿಸುವ ಆಟ, ಒಂದು ಹನಿ ರಕ್ತವಿಲ್ಲ. ಆದರೆ ಒಂದು ಗುಂಪಿಗೆ ಬೇಕೆಂದೇ ಬೇಡದ ಇಟ್ಟಿಗೆ ಬೀಳುವಂತೆ ಪ್ರೋಗ್ರಾಂ ತಿದ್ದಿದ್ದರು. ಆಟಕ್ಕೆ ಮುಂಚೆ ಎಲ್ಲರ ಕೈಯನ್ನೂ ಕೊರೆಯುವ ನೀರಿನಲ್ಲಿ 25 ಸೆಕೆಂಡು ಇಡಿಸಿ, ಈ ಅವಧಿಯನ್ನು ನಿಗದಿ ಮಾಡಿದ್ದು ನಿಮಗಿಂತ ಮುಂಚೆ ಬಂದವರು ಎಂದಿದ್ದರು. ಆಡಿದ ಮೇಲೆ, ಮುಂದೆ ಬರುವವರಿಗೆ ಎಷ್ಟು ಹೊತ್ತು ಇಡಬೇಕು ನೀವೇ ಹೇಳಿ ಎಂದರು. ತಿದ್ದಿದ ಟೆಟ್ರಿಸ್‌ನಲ್ಲಿ ಸೋತು ಸುಣ್ಣವಾದವರು ಹೆಚ್ಚು ಹೊತ್ತು ಹೇಳಿದರು. ಕೈಲಾಗದ ಸಂಕಟವೇ ಸಿಟ್ಟಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ವಚ್ಛ ಪುರಾವೆ ಹುಡುಕುವುದು ಕಷ್ಟ.

ಹಾಗಾದರೆ ‘ಹಿಂಸೆಯ ಗೇಮ್ ಆಡಿದರೆ ಮಕ್ಕಳು ಕ್ರೂರಿಗಳಾಗುತ್ತಾರೆ ಎಂದು ಸಂಶೋಧನೆ ಹೇಳಿದೆ’ ಎಂಬ ವಾಟ್ಸಾಪ್ ಫಾರ್ವರ್ಡ್ ಎಲ್ಲಿಂದ ಬಂತು? ಸುಮ್ಮನೆ ಬಂದಿದ್ದಲ್ಲ. ಆದರೆ ಅಂಥ ವಾಕ್ಯ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ: ಏನನ್ನು ಅಳೆದರು?

ಪ್ರಯೋಗಶಾಲೆಯಲ್ಲಿ ಯಾರನ್ನೂ ಹೊಡೆಸುವಂತಿಲ್ಲ. ಹಾಗಾಗಿ ಅಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಧಾನ ಹೀಗಿದೆ. ಆಟ ಮುಗಿಸಿದವನಿಗೆ ಹೆಡ್‌ಫೋನ್ ಹಾಕಿ, ಪಕ್ಕದ ಕೋಣೆಯಲ್ಲಿ ಎದುರಾಳಿ ಇದ್ದಾನೆ, ಯಾರು ಬೇಗ ಬಟನ್ ಒತ್ತುತ್ತಾರೋ ಅವರು ಗೆದ್ದಂತೆ ಎನ್ನುತ್ತಾರೆ. ಗೆದ್ದವನು ಸೋತವನ ಕಿವಿಗೆ ಕರ್ಕಶ ಸದ್ದು ಬಿಡಬಹುದು. ಸೊನ್ನೆಯಿಂದ ಹತ್ತರವರೆಗೆ ಮಟ್ಟಗಳು, ಸಾಮಾನ್ಯವಾಗಿ 60 ಡೆಸಿಬೆಲ್‌ನಿಂದ 105ರವರೆಗೆ. ಎಷ್ಟು ಜೋರು, ಎಷ್ಟು ಹೊತ್ತು ಎಂಬುದು ಅವನ ಆಯ್ಕೆ. ಹೀಗೆ ಸುಮಾರು 25 ಸುತ್ತು. ಪಕ್ಕದ ಕೋಣೆಯಲ್ಲಿ ಯಾರೂ ಇರುವುದಿಲ್ಲ, ಸೋಲು ಗೆಲುವನ್ನು ಕಂಪ್ಯೂಟರ್ ಮೊದಲೇ ತೀರ್ಮಾನಿಸಿರುತ್ತದೆ. ಇನ್ನೊಂದು ವಿಧಾನದಲ್ಲಿ, ಖಾರ ಕಂಡರಾಗದವನಿಗೆ ತಿನ್ನಿಸಲು ಎಷ್ಟು ಖಾರದ ಸಾಸ್ ಬಡಿಸುತ್ತೀರಿ ಎಂದು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಅಡಾಚಿ, ವಿಲ್ಲೋಬಿ ಬಳಸಿದ್ದೂ ಇದನ್ನೇ. (ಖಾರದ ವಿಷಯದಲ್ಲಿ ಉತ್ತರ ಕರ್ನಾಟಕದವರನ್ನು ಕೂರಿಸಿ ಈ ಪ್ರಯೋಗ ಮಾಡಿದ್ದರೆ ಫಲಿತಾಂಶ ಏನಾಗುತ್ತಿತ್ತೋ!)

ಈ ಸಾಲಿನಲ್ಲಿ ಎಲ್ಲರೂ ಉಲ್ಲೇಖಿಸುವ ಅಧ್ಯಯನ ಕ್ರೇಗ್ ಆಂಡರ್ಸನ್ ಮತ್ತು ಕರೆನ್ ಡಿಲ್ 2000ದಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಗುಂಡು ಹಾರಿಸುವ ‘ವೂಲ್ಫೆನ್‌ಸ್ಟೈನ್ 3ಡಿ’, ಉಳಿದವರಿಗೆ ಒಗಟು ಬಿಡಿಸುವ ‘ಮಿಸ್ಟ್’. ಗುಂಡಿನ ಆಟ ಆಡಿದವರು ಸೋತ ಸುತ್ತಿನ ನಂತರ ತುಸು ಹೆಚ್ಚು ಹೊತ್ತು ಸದ್ದು ಬಿಟ್ಟರು. ಸದ್ದಿನ ಜೋರಿನಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ಅದಿರಲಿ, ಮಿಸ್ಟ್ ಶಾಂತವಾಗಿ ಓಡಾಡಿಕೊಂಡಿರುವ ಆಟ. ಅಲ್ಲಿ ಧಾವಂತವಿಲ್ಲ, ಎದುರಾಳಿಯಿಲ್ಲ. ವ್ಯತ್ಯಾಸ ಬಂದಿದ್ದು ಗುಂಡಿನಿಂದಲೋ ಧಾವಂತದಿಂದಲೋ ಎಂದು ಆ ಜೋಡಿಯಿಂದ ಬಿಡಿಸಿ ಹೇಳಲಾಗದು. ಅಡಾಚಿ ಪ್ರಯೋಗ ಬೇಕಾದದ್ದೇ ಅದಕ್ಕೆ.

ಇನ್ನೊಂದು ತೊಡಕು ಲೆಕ್ಕದ್ದು. ಸದ್ದಿನ ಜೋರನ್ನು ತೆಗೆದುಕೊಳ್ಳಬಹುದು, ಅವಧಿಯನ್ನು ತೆಗೆದುಕೊಳ್ಳಬಹುದು, ಎರಡನ್ನೂ ಗುಣಿಸಬಹುದು, ಮೊದಲ ಸುತ್ತನ್ನಷ್ಟೇ ನೋಡಬಹುದು, ಎಲ್ಲದರ ಸರಾಸರಿ ತೆಗೆಯಬಹುದು. ಜರ್ಮನಿಯ ಮಾಲ್ಟೆ ಎಲ್ಸನ್ ಈ ವಿಧಾನ ಬಳಸಿದ 130 ಪ್ರಕಟಣೆಗಳನ್ನು ಕಲೆಹಾಕಿದಾಗ ಸಿಕ್ಕಿದ್ದು 157 ಬಗೆಯ ಲೆಕ್ಕಾಚಾರ. ಅಳತೆಗೋಲು ಪ್ರಬಂಧಕ್ಕೊಂದರಂತೆ ಬದಲಾದರೆ ಬೇಕಾದ ಉತ್ತರ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಮೋಸ ಮಾಡುವ ಉದ್ದೇಶವೇ ಬೇಕಿಲ್ಲ.

ಪ್ರಯೋಗಶಾಲೆ ಬಿಟ್ಟು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳೂ ಇವೆ, ನನ್ನ ಮಟ್ಟಿಗೆ ತೂಕ ಇವುಗಳಿಗೇ ಹೆಚ್ಚು. 2018ರಲ್ಲಿ ಡಾರ್ಟ್‌ಮತ್ ಕಾಲೇಜಿನವರು ಇಂಥ 24 ಅಧ್ಯಯನಗಳನ್ನು, 17,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟಿಗೆ ಸೇರಿಸಿ, ಹಿಂಸೆಯ ಗೇಮ್ ಆಡುವವರಲ್ಲಿ ಮುಂದೆ ದೈಹಿಕ ಆಕ್ರಮಣಶೀಲತೆ ಹೆಚ್ಚುತ್ತದೆ ಎಂದರು. ನಂಟಿನ ಬಲ ಸುಮಾರು 0.1 (ಸೊನ್ನೆ ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು). 2020ರಲ್ಲಿ ಆರನ್ ಡ್ರಮಂಡ್ ಮತ್ತು ಸಂಗಡಿಗರು 28 ಅಧ್ಯಯನ, ಸುಮಾರು 21,000 ಮಕ್ಕಳನ್ನು ಸೇರಿಸಿ ನೋಡಿದಾಗ ಅದು ಸುಮಾರು 0.06ಕ್ಕೆ ಇಳಿಯಿತು. ಚೆನ್ನಾಗಿ ಮಾಡಿದ ಅಧ್ಯಯನಗಳಲ್ಲಿ ಇನ್ನೂ ಕಡಿಮೆ. ಮೊದಲನೆಯವರು ನಂಟು ಇದೆ ಎಂದರು, ಎರಡನೆಯವರು ಇದ್ದೂ ಇಲ್ಲದಂತೆ ಎಂದರು. ನೋಡಿದರೆ ಇಬ್ಬರ ಅಂಕಿಗಳ ನಡುವೆ ಅಂಥ ದೂರವೇನಿಲ್ಲ.

ಈ ಅಂಕಿಯನ್ನು ಓದುವ ಒಂದು ಸರಳ ದಾರಿ ವರ್ಗ ಮಾಡಿ ನೋಡುವುದು. 0.1ರ ವರ್ಗ 0.01. ಅಂದರೆ ಮಕ್ಕಳ ನಡುವೆ ಕಾಣುವ ಆಕ್ರಮಣಶೀಲತೆಯ ವ್ಯತ್ಯಾಸದಲ್ಲಿ ಗೇಮಿಗೆ ಹೊಂದಿಕೆಯಾಗುವುದು ನೂರಕ್ಕೆ ಒಂದು ಪಾಲು. 0.06 ಆದರೆ ಅರ್ಧ ಪಾಲೂ ಇಲ್ಲ. ಇದರಲ್ಲೂ ಹುಡುಗ, ಹುಡುಗಿ ಎಂಬ ವ್ಯತ್ಯಾಸ ಸೇರಿಕೊಂಡಿರುತ್ತದೆ. ಹುಡುಗರು ಇಂಥ ಗೇಮ್ ಹೆಚ್ಚು ಆಡುತ್ತಾರೆ, ಹುಡುಗರೇ ಹೆಚ್ಚು ಕೈಮಾಡುತ್ತಾರೆ. ಲಿಂಗವನ್ನು ಲೆಕ್ಕದಿಂದ ಬೇರ್ಪಡಿಸದಿದ್ದರೆ ಗೇಮೇ ಕಾರಣ ಎಂಬಂತೆ ಕಾಣುತ್ತದೆ. ಮೊದಲಿಂದಲೂ ಜಗಳಗಂಟನಾದವನು ಹೊಡೆದಾಟದ ಆಟವನ್ನೇ ಹುಡುಕಿಕೊಂಡು ಹೋಗುತ್ತಾನೆ ಎಂಬುದೂ ಅಷ್ಟೇ ನಿಜ. ಅದಕ್ಕಾಗಿ ಹಿಂದಿನ ವರ್ಷದ ವರ್ತನೆಯನ್ನು ಲೆಕ್ಕಕ್ಕೆ ಹಿಡಿಯದ ಅಧ್ಯಯನವನ್ನು ನಾನು ಓದುವ ಗೋಜಿಗೇ ಹೋಗುವುದಿಲ್ಲ.

2019ರಲ್ಲಿ ಶಿಬಿಲ್ಸ್ಕಿ ಮತ್ತು ನೆಟ್ಟಾ ವೈನ್‌ಸ್ಟೈನ್ ಬ್ರಿಟನ್ನಿನ 14, 15 ವರ್ಷದ 1,004 ಮಕ್ಕಳನ್ನು ಅಧ್ಯಯನ ಮಾಡಿದರು. ಯಾವ ಲೆಕ್ಕ ಮಾಡುತ್ತೇವೆ ಎಂಬುದನ್ನು ಮಾಹಿತಿ ಸಂಗ್ರಹಿಸುವ ಮುಂಚೆಯೇ ಬರೆದು ನೋಂದಾಯಿಸಿದ್ದರು, ಆಮೇಲೆ ಬದಲಿಸುವಂತಿರಲಿಲ್ಲ. ಗೇಮ್ ಎಷ್ಟು ಹಿಂಸಾತ್ಮಕ ಎಂಬುದನ್ನು ಮಕ್ಕಳ ಮಾತಿಗೆ ಬಿಡದೆ ಅಧಿಕೃತ ವಯೋಮಾನದ ರೇಟಿಂಗ್‌ನಿಂದ ತೆಗೆದುಕೊಂಡರು. ಮಗುವಿನ ವರ್ತನೆಯನ್ನು ಪೋಷಕರಿಂದ ಕೇಳಿದರು. ನಂಟು ಸಿಗಲಿಲ್ಲ. ಜರ್ಮನಿಯಲ್ಲಿ ಸಿಮೋನ್ ಕ್ಯೂನ್ ತಂಡ ವಯಸ್ಕರಿಗೆ ಎರಡು ತಿಂಗಳು ದಿನಾ ಹೊಡಿಬಡಿ ತುಂಬಿದ ‘ಜಿಟಿಎ 5’ ಆಡಿಸಿತು. ಆಕ್ರಮಣಶೀಲತೆ ಹೆಚ್ಚಲಿಲ್ಲ.

ಕೊಲೆ, ಗುಂಡಿನ ದಾಳಿಯಂಥ ನಿಜವಾದ ಹಿಂಸೆಯ ಮಾತು ಬಂದಾಗಲಂತೂ ಪುರಾವೆ ಇನ್ನಷ್ಟು ತೆಳು. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ 37 ಶಾಲಾ ದಾಳಿಗಳ 41 ದಾಳಿಕೋರರನ್ನು ಕುರಿತು 2002ರಲ್ಲಿ ವರದಿ ಕೊಟ್ಟವು. ಹಿಂಸೆಯ ಗೇಮ್‌ಗಳಲ್ಲಿ ಆಸಕ್ತಿ ತೋರಿದ್ದವರು ಶೇ. 12. ಹಿಂಸೆಯ ಸಿನಿಮಾದಲ್ಲಿ ಶೇ. 27, ಪುಸ್ತಕಗಳಲ್ಲಿ ಶೇ. 24. ಎಲ್ಲಕ್ಕಿಂತ ಹೆಚ್ಚು, ಶೇ. 37 ಮಂದಿಯಲ್ಲಿ ಹಿಂಸೆ ಕಂಡಿದ್ದು ತಾವೇ ಬರೆದುಕೊಂಡಿದ್ದ ಕವಿತೆ, ಪ್ರಬಂಧ, ದಿನಚರಿಗಳಲ್ಲಿ. ಕವಿತೆ ನಿಷೇಧಿಸಿ ಎಂದು ಯಾರೂ ಕೂಗಲಿಲ್ಲ. ಅರ್ಥಶಾಸ್ತ್ರಜ್ಞರಾದ ಗಾರ್ಡನ್ ಡಾಲ್ ಮತ್ತು ಸ್ಟೆಫಾನೋ ಡೆಲ್ಲಾವಿನ್ಯಾ 2009ರಲ್ಲಿ ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು: ಹೊಡಿಬಡಿ ಸಿನಿಮಾಗೆ ಪ್ರೇಕ್ಷಕರು ಹತ್ತು ಲಕ್ಷ ಹೆಚ್ಚಿದ ದಿನ, ಸಂಜೆ ಆರರಿಂದ ನಡುರಾತ್ರಿವರೆಗಿನ ಹಲ್ಲೆಗಳು ಶೇ. 1.1ರಿಂದ 1.3ರಷ್ಟು ಇಳಿಯುತ್ತವೆ. ಕಾರಣ ಸರಳ. ಕುಡಿದು ಬೀದಿಯಲ್ಲಿ ಜಗಳ ತೆಗೆಯಬಹುದಾಗಿದ್ದ ಗಂಡಸರು ಆ ಮೂರು ಗಂಟೆ ಥಿಯೇಟರ್ ಸೀಟಿನಲ್ಲಿರುತ್ತಾರೆ. ಅಮೆರಿಕದ ಮನಶ್ಶಾಸ್ತ್ರ ಸಂಘ 2020ರಲ್ಲಿ ತನ್ನ ನಿರ್ಣಯವನ್ನು ಪರಿಷ್ಕರಿಸಿ, ಕೂಗಾಟ, ತಳ್ಳಾಟದಂಥ ವರ್ತನೆಗೆ ಸಣ್ಣ ನಂಟಿದೆ, ಆದರೆ ಹಿಂಸಾಕೃತ್ಯಗಳಿಗೆ ಗೇಮನ್ನು ಕಾರಣ ಮಾಡುವುದು ವೈಜ್ಞಾನಿಕವಲ್ಲ ಎಂದಿತು. ಇತ್ತ ನಮ್ಮಲ್ಲಿ 2019ರ ಮಾರ್ಚ್‌ನಲ್ಲಿ ರಾಜ್‌ಕೋಟ್ ಪೊಲೀಸರು ಪಬ್‌ಜಿ ಆಡುವುದನ್ನೇ ನಿಷೇಧಿಸಿ, ಆಡುತ್ತಿದ್ದ ಹುಡುಗರನ್ನು ಬಂಧಿಸಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್‌ಜಿಯನ್ನು ನಿಲ್ಲಿಸಿದ್ದು ಹಿಂಸೆಗಾಗಿ ಅಲ್ಲ, ದತ್ತಾಂಶ ಸುರಕ್ಷತೆಗಾಗಿ. ಮಕ್ಕಳು ಕೆಡುತ್ತಾರೆಂದು ನಿಲ್ಲಿಸಿದರು ಎಂದೇ ಇವತ್ತಿಗೂ ಬಹಳ ಜನ ನಂಬಿದ್ದಾರೆ.

ಟಿವಿಯ ಕಥೆ ಸ್ವಲ್ಪ ಬೇರೆ. ಇಲ್ಲಿ ನಾನು ಅಷ್ಟು ನಿರಾಳವಾಗಿ ಮಾತಾಡಲಾರೆ.

ಆಲ್ಬರ್ಟ್ ಬಂಡೂರ 1961ರಲ್ಲಿ ಸ್ಟ್ಯಾನ್‌ಫರ್ಡ್ ಶಿಶುವಿಹಾರದ 72 ಮಕ್ಕಳ ಮೇಲೆ ಮಾಡಿದ ಬೊಬೋ ಗೊಂಬೆಯ ಪ್ರಯೋಗ ಗೊತ್ತಿರುತ್ತದೆ. ದೊಡ್ಡವರು ಗಾಳಿ ತುಂಬಿದ ಗೊಂಬೆಗೆ ಸುತ್ತಿಗೆಯಿಂದ ಹೊಡೆದರು, ಮೂಗಿಗೆ ಗುದ್ದಿದರು. ನೋಡಿದ ಮಕ್ಕಳು ಹಾಗೇ ಮಾಡಿದರು. 1963ರಲ್ಲಿ ಅದನ್ನೇ ಪರದೆಯ ಮೇಲೆ ತೋರಿಸಿದಾಗಲೂ ಅನುಕರಣೆ ಕಂಡಿತು. ಇದನ್ನು ಉಲ್ಲೇಖಿಸುವವರು ಎರಡು ವಿವರ ಬಿಟ್ಟುಬಿಡುತ್ತಾರೆ. ಬೊಬೋ ಹೊಡೆದರೆ ಮತ್ತೆ ಎದ್ದು ನಿಲ್ಲುವಂತೆ ಅಡಿಗೆ ಭಾರ ಹಾಕಿದ ಗೊಂಬೆ, ಹೊಡೆಯುವುದಕ್ಕೇ ಮಾಡಿದ್ದು. ಎರಡನೆಯದು, ಮಕ್ಕಳನ್ನು ಗೊಂಬೆಯ ಕೋಣೆಗೆ ಬಿಡುವ ಮುಂಚೆ ಒಳ್ಳೊಳ್ಳೆ ಆಟಿಕೆ ಇರುವ ಕೋಣೆಗೆ ಕರೆದೊಯ್ದು, ಎರಡು ನಿಮಿಷ ಆಡಿದ ಕೂಡಲೇ ಇವು ಬೇರೆ ಮಕ್ಕಳಿಗೆ ಎಂದು ಕಿತ್ತುಕೊಂಡಿದ್ದರು. ಬೇಕೆಂದೇ ಮಗುವನ್ನು ಕೆರಳಿಸಿದ ಮೇಲೆಯೇ ಪ್ರಯೋಗ ನಡೆದಿದ್ದು.

ಆದರೂ ಚಿಕ್ಕ ಮಕ್ಕಳು ನೋಡಿದ್ದನ್ನು ಮಾಡುತ್ತಾರೆ ಎಂಬ ಮೂಲ ಮಾತು ಗಟ್ಟಿಯಾಗಿಯೇ ನಿಂತಿದೆ. ಕೆನಡಾದ ಒಂದು ಊರಿಗೆ, ಸಂಶೋಧಕರು ಅದನ್ನು ‘ನೋಟೆಲ್’ ಎಂದು ಕರೆದರು, 1973ರಲ್ಲಿ ಟಿವಿ ಮೊದಲ ಬಾರಿ ಬಂತು. ಟ್ಯಾನಿಸ್ ವಿಲಿಯಮ್ಸ್ ತಂಡ ಬರುವ ಮುಂಚೆ ಮತ್ತು ಎರಡು ವರ್ಷದ ನಂತರ ಆಟದ ಮೈದಾನದಲ್ಲಿ ಕೂತು ಮಕ್ಕಳನ್ನು ಗಮನಿಸಿತು. ಹೊಡೆದಾಟ, ಬೈದಾಟ ಎರಡೂ ಏರಿದ್ದವು. ನಮ್ಮಲ್ಲಿ 1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಶುರುವಾದ ಮೇಲೆ, ಅವನು ಬಂದು ಕಾಪಾಡುತ್ತಾನೆಂದು ಮಕ್ಕಳು ಅಪಾಯಕ್ಕೆ ಕೈಹಾಕಿದರು ಎಂಬ ಸುದ್ದಿ ಹರಡಿತು. ಎಷ್ಟು ನಿಜ ಎಂಬ ವಾದ ಇದ್ದೇ ಇದೆ. ಆದರೆ ಧಾರಾವಾಹಿಯಲ್ಲೇ ಇದನ್ನು ಅನುಕರಿಸಬೇಡಿ ಎಂದು ಹೇಳಬೇಕಾಗಿ ಬಂತು.

ಎಲ್ಲ ಹಿಂಸೆಯೂ ಒಂದೇ ಅಲ್ಲ ಎಂಬುದು ಪೋಷಕರಿಗೆ ತುಂಬ ಉಪಯೋಗಕ್ಕೆ ಬರುವ ವಿಷಯ. 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ರಾಷ್ಟ್ರೀಯ ಟಿವಿ ಹಿಂಸೆ ಅಧ್ಯಯನ ದೃಶ್ಯಗಳನ್ನು ಒಂದೊಂದಾಗಿ ವಿಂಗಡಿಸಿತು. ಚಿಕ್ಕವರು ಅನುಕರಿಸುವ ಸಾಧ್ಯತೆ ಹೆಚ್ಚಿರುವುದು ಹೊಡೆಯುವವನು ಹೀರೋ ಆಗಿದ್ದಾಗ, ಹೊಡೆದದ್ದಕ್ಕೆ ಶಿಕ್ಷೆ ಆಗದಿದ್ದಾಗ, ಏಟು ತಿಂದವನಿಗೆ ನೋವಾದದ್ದು ಕಾಣದಿದ್ದಾಗ, ಇಡೀ ದೃಶ್ಯ ತಮಾಷೆಯಾಗಿದ್ದಾಗ. ಹಿಂಸೆಯ ದೃಶ್ಯಗಳಲ್ಲಿ ಸುಮಾರು ಮುಕ್ಕಾಲು ಪಾಲಿನಲ್ಲಿ ಹೊಡೆದವನಿಗೆ ಶಿಕ್ಷೆಯೇ ಆಗಿರಲಿಲ್ಲ. ಈಗ ಯೋಚಿಸಿ: ಐದು ವರ್ಷದ ಮಗುವಿಗೆ ನಾವು ನಿಶ್ಚಿಂತೆಯಿಂದ ಹಾಕಿಕೊಡುವ ಕಾರ್ಟೂನಿನಲ್ಲಿ ಈ ನಾಲ್ಕೂ ಇರುತ್ತವೆ. ರಕ್ತ ಮಾತ್ರ ಇರುವುದಿಲ್ಲ. ಏಳೆಂಟು ವರ್ಷಕ್ಕಿಂತ ಚಿಕ್ಕವರು ಕಟ್ಟುಕಥೆ ಯಾವುದು, ನಿಜ ಯಾವುದು ಎಂದು ಸರಿಯಾಗಿ ಬಿಡಿಸಿಕೊಳ್ಳಲಾರರು. ಮೊದಲ ಭಾಗದ ತಪ್ಪಿಗೂ ಜಾಹೀರಾತಿನ ನಂತರ ಬರುವ ಶಿಕ್ಷೆಗೂ ಗಂಟು ಹಾಕಲಾರರು. ಬಿಜಿಎಂಐಯಲ್ಲಿ ರಕ್ತಕ್ಕೆ ಹಸಿರು ಬಣ್ಣ ಬಳಿದದ್ದು ಇದೇ ಕಾರಣಕ್ಕೆ ನನಗೆ ನಗು ತರಿಸುತ್ತದೆ. ತೊಂದರೆ ಬಣ್ಣದಲ್ಲಿರಲಿಲ್ಲ.

ದೊಡ್ಡ ಮಕ್ಕಳಿಗೆ ಟಿವಿ ಮಾಡುವ ಕೆಡುಕು ಹೆಚ್ಚಾಗಿ ಬೇರೆಯದು: ಹೆದರಿಕೆ. ಜಾರ್ಜ್ ಗರ್ಬ್ನರ್ 1970ರ ದಶಕದಲ್ಲೇ ಹೇಳಿದ್ದು ಇದನ್ನು. ಟಿವಿ ಹೆಚ್ಚು ನೋಡುವವರು ಹೊರಗಿನ ಲೋಕ ಇರುವುದಕ್ಕಿಂತ ಕ್ರೂರ ಎಂದು ನಂಬುತ್ತಾರೆ. ನಮ್ಮ ಸುದ್ದಿವಾಹಿನಿಗಳು ಒಂದು ಕೊಲೆಯ ಸಿಸಿಟಿವಿ ತುಣುಕನ್ನು ಕೆಂಪು ವೃತ್ತ ಹಾಕಿ, ಹಿನ್ನೆಲೆ ಸಂಗೀತ ಕೊಟ್ಟು, ರಾತ್ರಿ ಊಟದ ಹೊತ್ತಿನಲ್ಲಿ ಮತ್ತೆ ಮತ್ತೆ ತೋರಿಸುವುದನ್ನು ನೋಡಿದವರಿಗೆ ವಿವರಣೆ ಬೇಡ. ಮನರಂಜನಾ ವಾಹಿನಿಗಳಲ್ಲಿ ದೊಡ್ಡವರ ಕಾರ್ಯಕ್ರಮಗಳಿಗೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಎಂಬ ಸ್ವಯಂ ನಿಯಂತ್ರಣದ ಕಟ್ಟುಪಾಡಿದೆ. ಸುದ್ದಿಗೆ ಆ ಗಡಿ ಅನ್ವಯಿಸುವುದಿಲ್ಲ. ಮಗನ ಗೇಮ್ ಬಗ್ಗೆ ತಲೆಕೆಡಿಸಿಕೊಳ್ಳುವ ಮನೆಯಲ್ಲೇ ಕ್ರೈಂ ಕಾರ್ಯಕ್ರಮ ದಿನಾ ಓಡುತ್ತಿರುತ್ತದೆ. ಒಂಬತ್ತರ ಮಗು ಒಬ್ಬಳೇ ಬಚ್ಚಲಿಗೆ ಹೋಗಲು ಹೆದರುತ್ತಿದ್ದರೆ ಮೊದಲು ಆರಿಸಬೇಕಾದದ್ದು ಅದನ್ನು.

ಇನ್ನು ಕೈಗೆ ಬರುವ ಕೆಲಸ.

ಮಿತಿಯನ್ನು ಗಡಿಯಾರದಲ್ಲಿ ಕೊಡಬೇಡಿ, ಮ್ಯಾಚಿನ ಲೆಕ್ಕದಲ್ಲಿ ಕೊಡಿ. ಎರಾಂಗೆಲ್ ಆದರೆ ಎರಡು ಮ್ಯಾಚ್ ಅಂದರೆ ಹೆಚ್ಚೆಂದರೆ ಒಂದು ಗಂಟೆ. ಲಿವಿಕ್ ನಕ್ಷೆಯಲ್ಲಿ 52 ಆಟಗಾರರು, ಸುಮಾರು 15 ನಿಮಿಷ. ಟೀಮ್ ಡೆತ್‌ಮ್ಯಾಚ್ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಒಂಬತ್ತೂವರೆಗೆ ನಿಲ್ಲಬೇಕಿದ್ದರೆ ಒಂಬತ್ತರ ನಂತರ ಹೊಸ ಎರಾಂಗೆಲ್ ಶುರುಮಾಡುವಂತಿಲ್ಲ, ಬೇಕಿದ್ದರೆ ಒಂದು ಲಿವಿಕ್. ಈ ಒಪ್ಪಂದ ಮಾಡಲು ನಿಮಗೆ ನಕ್ಷೆಗಳ ಹೆಸರು ಗೊತ್ತಿರಬೇಕು. ಗೊತ್ತಿದೆ ಎಂದು ತಿಳಿದಾಗಲೇ ಅರ್ಧ ವಾದ ಕಡಿಮೆಯಾಗುತ್ತದೆ. ಫ್ಯಾಮಿಲಿ ಲಿಂಕ್‌ನ ರಾತ್ರಿ ಲಾಕನ್ನು ಒಪ್ಪಂದದ ಹೊತ್ತಿಗಿಂತ ಅರ್ಧ ಗಂಟೆ ಮುಂದಕ್ಕೆ ಇಡಿ, ಅದು ಕೊನೆಯ ಬೇಲಿಯಾಗಿರಲಿ. ಮ್ಯಾಚ್ ನಡೆಯುತ್ತಿದ್ದರೆ ಪೋಷಕರ ಫೋನಿನಿಂದಲೇ ಬೋನಸ್ ಸಮಯ ಕೊಡಬಹುದು. ಸತತ ಎರಡು ಸೋತರೆ ಹತ್ತು ನಿಮಿಷ ಫೋನ್ ಕೆಳಗಿಡುವ ನಿಯಮ ಇನ್ನೂ ಒಳ್ಳೆಯದು. ಸೋತ ಸಿಟ್ಟಿನಲ್ಲಿ ಶುರುಮಾಡಿದ ಮೂರನೆಯ ಮ್ಯಾಚೇ ರಾತ್ರಿ ಹನ್ನೆರಡಕ್ಕೆ ಎಳೆದೊಯ್ಯುವುದು.

ವಾಯ್ಸ್ ಚಾಟ್ ಸೆಟ್ಟಿಂಗ್ ನೋಡಿ. ಮೈಕ್ ಮತ್ತು ಸ್ಪೀಕರ್ ಎರಡಕ್ಕೂ ಎಲ್ಲರೂ, ತಂಡ, ಆಫ್ ಎಂಬ ಆಯ್ಕೆಗಳಿರುತ್ತವೆ. ಹನ್ನೆರಡರ ಮಗುವಿನ ಬಾಯಲ್ಲಿ ಬರುವ ಹೊಲಸು ಬೈಗುಳ ಗೇಮಿನ ದೃಶ್ಯದಿಂದ ಬಂದಿದ್ದಲ್ಲ, ಇಪ್ಪತ್ತೈದರ ಅಪರಿಚಿತ ತಂಡದವನಿಂದ ಬಂದಿದ್ದು. ಗುರುತಿರುವ ಸ್ನೇಹಿತರ ಸ್ಕ್ವಾಡ್ ಆದರೆ ‘ತಂಡ’, ಇಲ್ಲವಾದರೆ ಆಫ್. ಪ್ಲೇ ಸ್ಟೋರ್‌ನ 3+, 7+, 12+, 16+, 18+ ರೇಟಿಂಗ್‌ಗಳು ಇದನ್ನು ಅಳೆಯುವುದಿಲ್ಲ. ಅವು ಗೇಮ್ ತಯಾರಕರು ತುಂಬಿದ ಪ್ರಶ್ನಾವಳಿಯಿಂದ ಬರುತ್ತವೆ. ಸಿನಿಮಾಕ್ಕಿರುವಂಥ ಸೆನ್ಸಾರ್ ಮಂಡಳಿ ಭಾರತದಲ್ಲಿ ಗೇಮ್‌ಗಳಿಗಿಲ್ಲ. ಆಟಗಾರರ ನಡುವೆ ಮಾತುಕತೆ ಇದೆಯೇ, ಒಳಗೆ ಖರೀದಿ ಇದೆಯೇ ಎಂಬುದು ರೇಟಿಂಗಿನ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ, ಅದನ್ನು ಓದಿ.

ಪ್ಲೇ ಸ್ಟೋರ್‌ನಲ್ಲಿ ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್‌ಗೆ ಹೋಗಿ ಪಿನ್ ಹಾಕಿದರೆ ವಯೋಮಿತಿ ದಾಟಿದ ಗೇಮ್ ಡೌನ್‌ಲೋಡ್ ಆಗುವುದಿಲ್ಲ. ಆದರೆ ಮೊದಲೇ ಇನ್‌ಸ್ಟಾಲ್ ಆಗಿದ್ದನ್ನು ಅದು ತೆಗೆಯುವುದಿಲ್ಲ, ಬ್ರೌಸರ್‌ನಿಂದ ಇಳಿಸಿದ ಎಪಿಕೆ ಫೈಲನ್ನು (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕಿಕೊಳ್ಳುವ ಫೈಲ್) ತಡೆಯುವುದಿಲ್ಲ. ಅದಕ್ಕೆ ‘ಅಪರಿಚಿತ ಆ್ಯಪ್ ಇನ್‌ಸ್ಟಾಲ್’ ಅನುಮತಿಯನ್ನು ಬ್ರೌಸರ್, ವಾಟ್ಸಾಪ್, ಫೈಲ್ ಮ್ಯಾನೇಜರ್ ಪ್ರತಿಯೊಂದರಲ್ಲೂ ಬೇರೆಬೇರೆಯಾಗಿ ಬಂದ್ ಮಾಡಬೇಕು. ಒಟಿಟಿ ಆ್ಯಪ್‌ಗಳಲ್ಲಿ ಯು/ಎ 13+ ಮತ್ತು ಮೇಲಿನದಕ್ಕೆ ಪೇರೆಂಟಲ್ ಲಾಕ್ ಕೊಡುವುದು 2021ರ ಐಟಿ ನಿಯಮಗಳ ಪ್ರಕಾರ ಕಡ್ಡಾಯ. ಲಾಕ್ ಇರುತ್ತದೆ, ಯಾರೂ ಹಾಕಿರುವುದಿಲ್ಲ. ಮಗುವಿಗೆ ಬೇರೆ ಪ್ರೊಫೈಲ್ ಮಾಡಿ ಅಪ್ಪನ ಪ್ರೊಫೈಲ್‌ಗೆ ಪಿನ್ ಹಾಕದೆ ಬಿಟ್ಟರೆ ಎಲ್ಲ ವ್ಯರ್ಥ.

ಚಾರ್ಜರನ್ನು ಹಾಲ್‌ನಲ್ಲಿಡಿ, ಮಲಗುವ ಕೋಣೆಯಲ್ಲಿ ಬೇಡ. ಗೇಮಿನಿಂದ ಬಂತು ಎನ್ನುವ ಬೆಳಗಿನ ಸಿಡುಕು ಬಹಳ ಸಲ ನಿದ್ದೆಗೆಟ್ಟ ಸಿಡುಕು.

ಯಾವಾಗ ಚಿಂತೆ ಮಾಡಬೇಕು? ಗೇಮಿನ ಹೆಸರು ನೋಡಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಐಸಿಡಿ-11, 2022ರ ಜನವರಿಯಿಂದ ಜಾರಿಯಲ್ಲಿರುವುದು, ಗೇಮಿಂಗ್ ಕಾಯಿಲೆಗೆ ಮೂರು ಗುರುತು ಹೇಳುತ್ತದೆ: ಆಟದ ಮೇಲೆ ಹತೋಟಿ ಇಲ್ಲದಿರುವುದು, ಬೇರೆಲ್ಲ ಕೆಲಸ, ಆಸಕ್ತಿಗಳಿಗಿಂತ ಅದೇ ಮುಂದಾಗುವುದು, ಹಾನಿಯಾಗುತ್ತಿದೆ ಎಂದು ತಿಳಿದೂ ಮುಂದುವರಿಯುವುದು. ಸಾಮಾನ್ಯವಾಗಿ 12 ತಿಂಗಳ ಲೆಕ್ಕ. ಹಿಂಸೆಯ ಗೇಮೇ ಆಗಬೇಕೆಂದಿಲ್ಲ, ಕ್ಯಾಂಡಿ ಒಡೆಯುವುದರಲ್ಲೂ ಇದು ಆಗಬಹುದು. ಇದಕ್ಕೆ ಹೊರತಾಗಿ ಫೋನ್ ದೂರವಿದ್ದಾಗಲೂ ಮನುಷ್ಯರ ಮೇಲೆ, ಪ್ರಾಣಿಗಳ ಮೇಲೆ ಕೈಮಾಡುವುದು, ತನಗೇ ಗಾಯ ಮಾಡಿಕೊಳ್ಳುವುದು ಕಂಡರೆ ಕಾಯಬೇಡಿ. ಅಂಥ ಮಗುವಿನ ಗೇಮ್ ಕಿತ್ತುಕೊಂಡರೆ ಕಾರಣ ಹೋಗುವುದಿಲ್ಲ. ಮನೆಯ ಜಗಳ, ಶಾಲೆಯಲ್ಲಿ ಯಾರೋ ಪೀಡಿಸುವುದು, ಖಿನ್ನತೆ, ಹೀಗೆ ಬೇರೇನೋ ಇರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಗೇಮ್, ಮೊಬೈಲ್ ಚಟಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೋಗುವ ಮುಂಚೆ ಎರಡು ವಾರ ಒಂದು ಹಾಳೆಯಲ್ಲಿ ಬರೆದಿಡಿ: ಮಲಗಿದ್ದು, ಎದ್ದದ್ದು, ಆಡಿದ್ದು ಎಷ್ಟು ಹೊತ್ತು, ಸಿಟ್ಟು ಬಂದದ್ದು ಯಾವಾಗ, ಅದಕ್ಕೆ ಹತ್ತು ನಿಮಿಷ ಮುಂಚೆ ಏನಾಗಿತ್ತು. ಆ ಕೊನೆಯ ಕಾಲಂ ಖಾಲಿ ಬಿಡಬೇಡಿ, ಆಪ್ತ ಸಮಾಲೋಚಕರು ಮೊದಲು ನೋಡುವುದು ಅದನ್ನೇ.